ಕೆರೆಯೊಳಗಿನ ಗೋಡೆ

ತೊಣ್ಣೂರು ಕೆರೆ ನನ್ನ ಕಂಪ್ಯೂಟರಿನ ಪರದೆಯ ಮೇಲೆ ಮೊದಲ ಸಲ ಬಂದಾಗ ಬೆಟ್ಟವಾಗಿ ಬಂತು. ಆಳವನ್ನು ಎತ್ತರವೆಂದು ತಿಳಿದುಕೊಂಡ ಹೊಸ ಸಾಫ್ಟ್‌ವೇರು ಇಡೀ ಕೆರೆಯನ್ನು ಬೋರಲು ಹಾಕಿತ್ತು. ಅದನ್ನು ಸರಿ ಮಾಡಿದೆ. ಕೆರೆ ಮಗ್ಗುಲಾಗಿ ಮಲಗಿತು. ಏರಿ ಇರಬೇಕಾದ ಕಡೆ ಗುಡ್ಡ, ಗುಡ್ಡ ಇರಬೇಕಾದ ಕಡೆ ಏರಿ. ಅದನ್ನೂ ಸರಿ ಮಾಡಲು ಹೋದೆ. ಕೆರೆಯೇ ಮಾಯವಾಗಿ ಈ ಮೂಲೆಯಿಂದ ಆ ಮೂಲೆಗೆ ಒಂದು ನೀಲಿ ಗೆರೆ ಉಳಿಯಿತು. ಹುಟ್ಟಿದಾಗಿನಿಂದ ನೋಡಿದ ಕೆರೆ ಅದು. ಸೋದರಮಾವನ ಮನೆ ಆ ಊರಿನಲ್ಲೇ; ಶಾಲೆಗೆ ರಜೆ ಬಂದರೆ ನಾನು ಏರಿಯ ಮೇಲೇ ಬಿದ್ದಿರುತ್ತಿದ್ದೆ. ಅಂಥ ಕೆರೆಯ ತಲೆ ಯಾವುದು, ಬಾಲ ಯಾವುದು ತಿಳಿಯದೆ ಎರಡು ವಾರ ಕಣ್ಣು ಕಣ್ಣು ಬಿಟ್ಟೆ.

ನಾನು ಪಾಂಡವಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ನಿವೃತ್ತಿಗೆ ಹೆಚ್ಚು ದಿನವಿಲ್ಲ. ಮೂವತ್ತು ವರ್ಷದ ಹಿಂದೆ ಡಾಕ್ಟರೇಟಿಗೆಂದು ನಾನು ಆರಿಸಿಕೊಂಡ ವಿಷಯ ಈ ಕೆರೆಯ ನೀರಿನ ತೂಗಾಟ. ಅಗಲವಾದ ಪಾತ್ರೆಯಲ್ಲಿ ನೀರು ತುಂಬಿಕೊಂಡು ನಡೆದರೆ ನೀರು ಆ ಅಂಚಿಗೊಮ್ಮೆ ಈ ಅಂಚಿಗೊಮ್ಮೆ ಹೋಗಿ ಬರುವುದಿಲ್ಲವೇ, ಗಾಳಿ ಬೀಸಿ ನಿಂತ ಮೇಲೆ ದೊಡ್ಡ ಕೆರೆಯೂ ಹಾಗೆಯೇ ತೂಗುತ್ತದೆ. ಕಣ್ಣಿಗೆ ಕಾಣದಷ್ಟು ನಿಧಾನ, ಅಷ್ಟು ಕಡಿಮೆ. ಅದನ್ನು ಲೆಕ್ಕ ಹಾಕಲು ಒಂದು ಪ್ರೋಗ್ರಾಂ ಬರೆದೆ. ಕೆರೆಯನ್ನು ಚೌಕಗಳಾಗಿ ಹಂಚಿ ಪ್ರತಿ ಚೌಕದ ಆಳ ಕೊಟ್ಟರೆ, ನೀರು ಯಾವ ಗಳಿಗೆಯಲ್ಲಿ ಎಲ್ಲಿ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಅದು ಹೇಳುತ್ತಿತ್ತು. ಹೇಳುತ್ತಿದ್ದದ್ದೆಲ್ಲ ಅಂಕಿಗಳಲ್ಲಿ. ಚಿತ್ರವಿಲ್ಲ, ಬಣ್ಣವಿಲ್ಲ, ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದದ ಮೇಲೆ ಸಾಲುಸಾಲು ಅಂಕಿ. ಮೈಸೂರಿನ ಕಂಪ್ಯೂಟರ್ ಕೋಣೆಯಿಂದ ಆ ಕಾಗದದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ, ಶ್ರೀರಂಗಪಟ್ಟಣದಲ್ಲಿ ಹತ್ತಿದ ಹೆಂಗಸೊಬ್ಬಳು, "ಓಟಿನ ಪಟ್ಟಿನೇನವ್ವ? ನಮ್ಮನೇರ ಹೆಸ್ರದಾ ನೋಡು" ಎಂದು ಕೇಳಿದ್ದಳು.

ಆ ಅಂಕಿಗಳ ರಾಶಿಯಲ್ಲಿ ನನಗೆ ಒಂದೇ ಒಂದು ಹೊಸ ಸಂಗತಿ ಸಿಕ್ಕಿತು. ಏರಿಯ ಕಡೆಯಿಂದ ಹೊರಟ ಅಲೆ ಕೆರೆಯ ನಡುವಿಗೆ ಬಂದಾಗ ಅದರಲ್ಲಿ ಚೂರು, ನೂರರಲ್ಲಿ ನಾಲ್ಕೈದು ಪಾಲಿನಷ್ಟು, ಅಲ್ಲಿಂದಲೇ ಹಿಂದಕ್ಕೆ ತಿರುಗುತ್ತಿತ್ತು. ಯಾಕೆ ತಿರುಗುತ್ತದೆ ಎಂಬುದನ್ನು ನಾನು ವಿವರಿಸಲಿಲ್ಲ. ತಿರುಗುತ್ತದೆ ಎಂದಷ್ಟೇ ಬರೆದೆ. ಪರೀಕ್ಷಕರು ಅದೊಂದನ್ನೇ ಮೆಚ್ಚಿಕೊಂಡರು. ಆಮೇಲೆ ಮೂವತ್ತು ವರ್ಷ ನಾನು ಪಾಠ ಮಾಡಿದೆ, ಪೇಪರು ತಿದ್ದಿದೆ, ಮದುವೆಯಾದೆ, ಮಗಳನ್ನು ಬೆಳೆಸಿದೆ, ಇನ್ನೊಂದು ಸಂಶೋಧನೆ ಮಾಡಲಿಲ್ಲ. ಯಾರಾದರೂ ಕೇಳಿದರೆ, 'ನಮ್ಮ ಕೆರೆಯಲ್ಲಿ ಅಲೆ ನಡುವಿನಲ್ಲೇ ಹಿಂತಿರುಗುತ್ತೆ, ಅದನ್ನು ಕಂಡುಹಿಡಿದವಳು ನಾನು' ಎನ್ನುತ್ತಿದ್ದೆ. ಇದ್ದದ್ದು ಅದೊಂದೇ. ಇದ್ದೊಂದು ಹಸುವಿಗೆ ದಿನಕ್ಕೆ ನಾಲ್ಕು ಸಲ ಮೈ ತೊಳೆಯುವವರ ಹಾಗೆ ಅದನ್ನು ನೋಡಿಕೊಂಡಿದ್ದೆ.

ಈ ಕೆರೆಯ ಆಳವನ್ನು ಅಳೆದುಕೊಟ್ಟವನು ನನ್ನ ಸೋದರಮಾವ. ಅದು ಹೀಗಾಯಿತು. ಆಗ ನಾನು ಕೆ.ಆರ್.ಪೇಟೆಯಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದೆ, ಭಾನುವಾರ ಮಾತ್ರ ಬಿಡುವು. ನಾನೇ ಹರಿಗೋಲು ಹತ್ತಿ ಅಳೆಯುತ್ತೇನೆ ಎಂದರೆ ಮಾವ ಒಪ್ಪಲಿಲ್ಲ. "ಎಣ್ಮಗ ನೀನು, ತೆಪ್ಪ ಗಿಪ್ಪ ಅತ್ಬ್ಯಾಡ. ನಾ ಇಲ್ವಾ, ಅಳ್ದ್ಕೊಡ್ತೀನಿ ಬುಡು" ಎಂದ. ಮಾವ ಆರಡಿ ಆಳು, ಮೀಸೆಯ ಮನುಷ್ಯ, ಪಂಚಾಯಿತಿಯಲ್ಲಿ ಅವನ ದನಿ ಎದ್ದರೆ ಉಳಿದವರು ಬೀಡಿ ಆರಿಸುತ್ತಿದ್ದರು. ಅಳೆಯುವ ಕ್ರಮ ಬಾವಿಯನ್ನು ಅಳೆಯುವ ಕ್ರಮವೇ. ಹಗ್ಗದ ತುದಿಗೆ ಕಲ್ಲು ಕಟ್ಟಿ ಇಳಿಬಿಡುವುದು; ಕಲ್ಲು ತಳ ಮುಟ್ಟಿದ ಮೇಲೆ ಹಗ್ಗವನ್ನು ಮೇಲಕ್ಕೆಳೆಯುತ್ತ, ಒದ್ದೆಯಾದಷ್ಟನ್ನು ಎರಡೂ ಕೈ ಚಾಚಿ ಅಳೆಯುವುದು. ಚಾಚಿದ ಕೈಗಳ ಈ ತುದಿಯಿಂದ ಆ ತುದಿಗೆ ಒಂದು ಮಾರು. ಉಳಿದದ್ದು ಮೊಳದ ಲೆಕ್ಕ. ನಮ್ಮ ಕಡೆ ಹಗ್ಗ ಕೊಳ್ಳಲು ಸಂತೆಗೆ ಹೋಗುವವರು ಉದ್ದ ಕೈಯವನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು, ಅಂಗಡಿಯವನು ಗಿಡ್ಡ ಕೈಯವನನ್ನು ಮುಂದೆ ಬಿಡುತ್ತಿದ್ದ. ಮಾರು ಆಳಿಂದ ಆಳಿಗೆ ಬೇರೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ನನಗೂ ಗೊತ್ತಿತ್ತು. ಭೌತಶಾಸ್ತ್ರ ಓದಿದವಳು ನಾನು, ಅಷ್ಟೂ ತಿಳಿಯದವಳೇ? ನೋಟ್‌ಬುಕ್ಕು ತುಂಬಿದ ಭಾನುವಾರ ದರ್ಜಿಯ ಟೇಪು ತೆಗೆದುಕೊಂಡು ಹೋಗಿ, ಮಾವನನ್ನು ಗೋಡೆಗೆ ಒರಗಿ ನಿಲ್ಲಿಸಿ, ಎರಡೂ ಕೈ ಚಾಚಿಸಿ ಅಳೆದೆ. ಟೇಪು ನೂರೈವತ್ತಕ್ಕೇ ಮುಗಿದು, ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ ಇನ್ನೊಂದು ಮೂವತ್ತು ಅಳೆಯಬೇಕಾಯಿತು. ನೂರೆಂಬತ್ತು ಸೆಂಟಿಮೀಟರು. ಪ್ರೋಗ್ರಾಮಿನಲ್ಲಿ 'ಮಾರು' ಎಂಬ ಹೆಸರಿಗೆ 1.8 ಎಂದು ಬರೆದೆ, ಪುಸ್ತಕದಲ್ಲಿದ್ದ ಎಲ್ಲ ಆಳಗಳೂ ಅದರಿಂದ ಗುಣಿಸಿಕೊಂಡು ಮೀಟರುಗಳಾದವು. ಎಷ್ಟು ಜಾಣೆ ನಾನು ಎಂದುಕೊಂಡೆ. ಪ್ರಬಂಧದ ಮೊದಲ ಪುಟದಲ್ಲಿ, 'ಕೆರೆಯನ್ನು ಮಾರು ಮಾರಾಗಿ ಅಳೆದುಕೊಟ್ಟ ಸೋದರಮಾವನಿಗೂ, ಬಂದಾಗಲೆಲ್ಲ ಊಟಕ್ಕಿಟ್ಟ ಅತ್ತೆಗೂ' ಕೃತಜ್ಞತೆ ಹೇಳಿದೆ.

ಇದೆಲ್ಲ ಮುಗಿದುಹೋದ ಕತೆ ಎಂದುಕೊಂಡಿದ್ದಾಗ, ಹೋದ ವರ್ಷ ನಮ್ಮ ವಿಭಾಗಕ್ಕೆ ಹೊಸ ಅಧ್ಯಾಪಕರೊಬ್ಬರು ವರ್ಗವಾಗಿ ಬಂದರು. ಗೋವಿಂದನಹಳ್ಳಿಯ ಕಡೆಯವರು, ಮೂವತ್ತೈದರ ಆಸುಪಾಸು, ಎಲ್ಲದಕ್ಕೂ 'ಅದೆಂಗೆ ಮೇಡಂ' ಎಂದು ಕೇಳುವ ಸ್ವಭಾವ. ಅವರೂ ಕೆರೆಗಳ ನೀರಿನ ಮೇಲೆ ಕೆಲಸ ಶುರುಮಾಡಿದ್ದರು. ನನ್ನ ಹಳೆಯ ಫಲಿತಾಂಶಗಳು ಹೊಸ ಸಾಫ್ಟ್‌ವೇರಿನೊಳಗೆ ಬಂದರೆ, ಬಣ್ಣಬಣ್ಣದ ಚಿತ್ರವಾಗಿ ಅಲೆ ಓಡುವುದನ್ನೇ ತೋರಿಸಬಹುದು, ನಾಗಮಂಗಲದ ಕಾಲೇಜಿನಲ್ಲಿ ಒಂದು ವಿಚಾರಗೋಷ್ಠಿಯಿದೆ, ಅಲ್ಲಿ ಮಂಡಿಸೋಣ ಎಂದರು. ಮಂಡಿಸುವವರು ಅವರು, ಕೆರೆ ನನ್ನದು. ನನಗೆ ಬಾಯಲ್ಲಿ ನೀರೂರಿತು. ನಾನು ಕಂಡುಹಿಡಿದ ಅಲೆ ತಿರುಗುವುದನ್ನು ನಾನೇ ಒಂದು ಸಲವೂ ಕಣ್ಣಾರೆ ಕಂಡಿರಲಿಲ್ಲ.

ಫ್ಲಾಪಿಯಲ್ಲಿದ್ದ ಫೈಲುಗಳು ಯಾವಾಗಲೋ ಸಿ.ಡಿ.ಗೆ ಹೋಗಿ, ಸಿ.ಡಿ.ಯಿಂದ ಪೆನ್‌ಡ್ರೈವಿಗೆ ಬಂದು ಉಳಿದುಕೊಂಡಿದ್ದವು. ತೆರೆದರೆ ತಲೆಬರಹವಿಲ್ಲದ ಅಂಕಿಗಳು. ಯಾವ ಸಾಲು ಕಾಲ, ಯಾವ ಸಾಲು ಆಳ, ಯಾವುದು ನೀರಿನ ಏರಿಳಿತ, ಒಂದಕ್ಕೂ ಹೆಸರಿಲ್ಲ. ಬರೆದವಳು ನಾನೇ, 'ನನಗೆ ಗೊತ್ತಿದೆಯಲ್ಲ' ಎಂದು ಬಿಟ್ಟವಳೂ ನಾನೇ. ಆಗ ಕಾಗದ ಉಳಿಸಲೆಂದು ಅಂಕಿಗಳ ನಡುವೆ ಜಾಗ ಬಿಟ್ಟಿರಲಿಲ್ಲ. ಋಣ ಚಿಹ್ನೆಯಿದ್ದ ಅಂಕಿ ಹಿಂದಿನ ಅಂಕಿಗೆ ಅಂಟಿಕೊಂಡು ಕೂತಿತ್ತು. ಮನುಷ್ಯರಾದರೆ ಬಿಡಿಸಿ ಓದುತ್ತಾರೆ. ಹೊಸ ಸಾಫ್ಟ್‌ವೇರು ಎರಡನ್ನೂ ಸೇರಿಸಿ ಒಂದು ಅರ್ಥವಿಲ್ಲದ ಪದವೆಂದು ತಿಳಿದು ಎತ್ತಿ ಎಸೆಯುತ್ತಿತ್ತು. ಅಂಕಿ ದೊಡ್ಡದಾಗಿ ಜಾಗ ಸಾಲದೆ ಹೋದ ಕಡೆ ಹಳೆಯ ಪ್ರೋಗ್ರಾಂ ನಕ್ಷತ್ರಗಳನ್ನು ಹಾಕಿತ್ತು. ಮಧ್ಯಾಹ್ನದ ಮೇಲಿನ ಕಾಲವೆಲ್ಲ ಬರೀ ನಕ್ಷತ್ರ. ಇನ್ನು ಚೌಕಗಳನ್ನು ಹಳೆಯದು ಮೇಲಿನಿಂದ ಕೆಳಕ್ಕೆ ಎಣಿಸಿದ್ದರೆ ಹೊಸದು ಎಡದಿಂದ ಬಲಕ್ಕೆ ಎಣಿಸುತ್ತಿತ್ತು. ಒಬ್ಬರು ಉದ್ದಕ್ಕೆ ನಾಟಿ ಹಾಕಿದ ಗದ್ದೆಯನ್ನು ಇನ್ನೊಬ್ಬರು ಅಡ್ಡಕ್ಕೆ ಎಣಿಸಿದ ಹಾಗೆ. ಪೈರು ಅಷ್ಟೇ, ಸಾಲು ಮಾತ್ರ ಬೇರೆ.

ದಿನಾ ಮಧ್ಯಾಹ್ನ ಪಾಠ ಮುಗಿದ ಮೇಲೆ ನಾವಿಬ್ಬರೂ ಪ್ರಯೋಗಾಲಯದಲ್ಲಿ ಕೂತು ಒಂದೊಂದೇ ಗಂಟು ಬಿಡಿಸಿದೆವು. ಒಂದು ಬಿಡಿಸಿದರೆ ಎರಡು ಬೀಳುತ್ತಿತ್ತು. ನಾನು ಸಿಡುಕುತ್ತಿದ್ದೆ, ಅವರು ಟೀ ತರಿಸುತ್ತಿದ್ದರು. ಕೊನೆಗೊಂದು ದಿನ ಕೆರೆ ಕೆರೆಯ ಹಾಗೆ ಬಂತು. ಏರಿ ಏರಿಯ ಕಡೆ, ಗುಡ್ಡ ಗುಡ್ಡದ ಕಡೆ, ಆಳವಿದ್ದಲ್ಲಿ ಕಡುನೀಲಿ, ತೆಳುವಿದ್ದಲ್ಲಿ ತಿಳಿನೀಲಿ. ಕೆರೆಯ ನಡುವೆ, ಈ ದಡದಿಂದ ಆ ದಡಕ್ಕೆ, ಅಡಿಕೋಲು ಇಟ್ಟು ಎಳೆದ ಹಾಗೆ ನೆಟ್ಟಗೆ ಒಂದು ಗೆರೆ. ಗೆರೆಯ ಈಚೆ, ಗುಡ್ಡದ ಕಡೆ, ತಿಳಿನೀಲಿ; ಆಚೆ, ಏರಿಯ ಕಡೆ, ಒಮ್ಮೆಲೇ ಕಡುನೀಲಿ. ತಳ ಅಲ್ಲಿ ಇಳಿಜಾರಾಗದೆ ಮೆಟ್ಟಿಲಿನ ಹಾಗೆ ದಡಕ್ಕನೆ ಬಿದ್ದಿತ್ತು. ಅಲೆಯನ್ನು ಓಡಿಸಿ ನೋಡಿದರೆ, ಏರಿಯಿಂದ ಬಂದ ಅಲೆ ಸರಿಯಾಗಿ ಆ ಗೆರೆಗೆ ತಾಗಿ ಚೂರು ಹಿಂತಿರುಗುತ್ತಿತ್ತು.

"ಮೇಡಂ, ಇದು ಗೋಡೆ" ಎಂದರು ಅವರು, ಮೆಲ್ಲಗೆ. "ಇಷ್ಟು ನೆಟ್ಟಗೆ ತಾನಾಗೇ ಆಗಲ್ಲ. ಹಳೇ ಕಾಲದ ಒಡ್ಡು ಒಂದು ಮುಳುಗಿ, ಒಂದು ಕಡೆ ಹೂಳು ತುಂಬ್ಕಂಡು ಅಲ್ಲೇ ಅದೆ. ನಿಮ್ಮ ಅಲೆ ತಿರುಗ್ತಿರೋದು ಅದಕ್ಕೇ."

ಮೂವತ್ತು ವರ್ಷ ಯಾಕೆ ಎಂದು ಹೇಳಲಾಗದೆ ಇದ್ದದ್ದಕ್ಕೆ ಉತ್ತರ ಸಿಕ್ಕಿತ್ತು, ಅದೂ ಎಂಥ ಉತ್ತರ. ಮರುಗಳಿಗೆಯಲ್ಲೇ ಅನುಮಾನವೂ ಬಂತು. ನಾನು ಆ ಕೆರೆಯಲ್ಲಿ ಕಾಲಿಳಿಬಿಟ್ಟು ಬೆಳೆದವಳು. ಗೋಡೆಯ ಮಾತನ್ನು ಊರಿನಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ. ಫೈಲು ತರುವಾಗ ನಾವೇ ಏನಾದರೂ ಎಡವಟ್ಟು ಮಾಡಿದೆವೇ ಎಂದು ಮತ್ತೆ ಮೊದಲಿನಿಂದ ತಂದು ನೋಡಿದೆವು. ಗೆರೆ ಹಾಗೆಯೇ ಇತ್ತು. ಮಾವನ ನೋಟ್‌ಬುಕ್ಕನ್ನೇ ಹುಡುಕಿ ತೆಗೆದೆ. ಅದೇ ಓರೆ ಅಕ್ಷರ, ಮೊದಲಿಂದ ಕೊನೆವರೆಗೂ ಮಾವನದೇ ಕೈಬರಹ. ಗೆರೆಯ ಈಚೆಯ ಚೌಕದಲ್ಲಿ ಐದು ಮಾರು, ಆಚೆಯ ಚೌಕದಲ್ಲಿ ಆರು ಮಾರು. ಅಂದರೆ ಗೋಡೆ ಸಾಫ್ಟ್‌ವೇರಿನಲ್ಲಿ ಹುಟ್ಟಿದ್ದಲ್ಲ, ಪುಸ್ತಕದಲ್ಲೇ ಇತ್ತು. ಅಂಕಿಗಳ ರಾಶಿಯಲ್ಲಿ ನನಗೆ ಕಂಡಿರಲಿಲ್ಲ, ಅಷ್ಟೇ. ವಿಚಾರಗೋಷ್ಠಿ ಬರುವ ಶನಿವಾರ. ಗೋಡೆಯ ವಿಷಯವನ್ನೇ ಮಂಡಿಸುತ್ತೇನೆಂದು ಅವರು ನಾಗಮಂಗಲಕ್ಕೆ ಫೋನು ಮಾಡಿ ಹೇಳಿಯೂ ಬಿಟ್ಟರು. ನಾನು ಹೂಂ ಎಂದೆನೋ ಊಹೂಂ ಎಂದೆನೋ ನೆನಪಿಲ್ಲ.

ಮಾವ ತೀರಿಕೊಂಡು ಆರು ವರ್ಷವಾಗಿತ್ತು. ಹರಿಗೋಲು ನಡೆಸಿದವರು ಅದಕ್ಕೂ ಮೊದಲೇ ಹೋಗಿದ್ದರು. ಕೇಳುವುದಿದ್ದರೆ ಅತ್ತೆಯನ್ನು ಕೇಳಬೇಕು. ಅತ್ತೆಗೆ ಎಂಬತ್ತು ಹತ್ತಿರ. ಮಗ ಸೊಸೆಯ ಜೊತೆ ಇದ್ದಾಳೆ, ಡೈರಿಗೆ ಹಾಲು ಹಾಕುವ ಎರಡು ಹಸುಗಳ ಮೇಲೆ ಈಗಲೂ ಅವಳದೇ ಅಧಿಕಾರ. ಮಂಗಳವಾರ ಹೋದಾಗ ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಹರಡಿಕೊಂಡು ಎಡಗೈಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಅತ್ತೆ, ಕೆರೆ ನಡುವೆ ನೀರೊಳಗೆ ಗೋಡೆ ಗೀಡೆ ಏನಾರ ಅದಾ?" ಎಂದು ಕೇಳಿದೆ. ತೊಣ್ಣೂರಿಗೆ ಹೋದರೆ ನನ್ನ ಮಾತೂ ತಾನಾಗಿ ಅಲ್ಲಿಯದಾಗುತ್ತದೆ.

"ಗೋಡೆನೂ ಇಲ್ಲ ಎಂತದೂ ಇಲ್ಲ. ತಳ ಒಂದೇ ಸಮ ಜಾರ್ಕಂಡ್ ಓಗದೆ" ಎಂದಳು, ಕಲ್ಲು ಆರಿಸುತ್ತಲೇ.

"ನಿಂಗೆಂಗೆ ಗೊತ್ತತ್ತೆ?"

ಅವಳ ಕೈ ಒಂದು ಗಳಿಗೆ ನಿಂತಿತು. "ಅರವತ್ತೊರ್ಸದಿಂದ ಈ ನೀರು ನೋಡ್ಕಂಡ್ ಕುಂತಿವ್ನಿ, ಅಷ್ಟೂ ಗೊತ್ತಾಗಲ್ವಾ? ಕಾಪಿ ಕುಡಿ, ಆರೋಯ್ತದೆ" ಎಂದು ಮಾತು ತಿರುಗಿಸಿದಳು. ವಯಸ್ಸಾದವರ ಮಾತು ಎಂದುಕೊಂಡು ಎದ್ದು ಬಂದೆ. ದಡದಲ್ಲಿ ಕೂತವಳಿಗೆ ತಳದ ಸುದ್ದಿ ಹೇಗೆ ಗೊತ್ತು ಎಂದು ದಾರಿಯುದ್ದಕ್ಕೂ ನನ್ನಷ್ಟಕ್ಕೆ ಗೊಣಗಿಕೊಂಡೆ. ಆದರೂ ಆ 'ಜಾರ್ಕಂಡ್ ಓಗದೆ' ಎಂಬ ಮಾತು ಬಟ್ಟೆಗೆ ಅಂಟಿದ ಉತ್ತರಾಣಿಯ ಹಾಗೆ ಜೊತೆಗೇ ಬಂತು.

ಗುರುವಾರ ಮಧ್ಯಾಹ್ನ ಲ್ಯಾಪ್‌ಟಾಪು ತೆಗೆದುಕೊಂಡು ಮತ್ತೆ ಹೋದೆ. ಅತ್ತೆಗೆ ಕನ್ನಡಕ ಹಾಕಿಸಿ ಪರದೆ ತೋರಿಸಿದೆ. "ಇದು ನಮ್ಮ ಕೆರೆ. ಇದು ಏರಿ. ಇಲ್ಲಿ ನೋಡು, ಗೀಟು. ನಾಡಿದ್ದು ನಾಗಮಂಗಲದಲ್ಲಿ ನಮ್ಮ ಕಾಲೇಜಿನೋರು ನಾಲ್ಕು ಜನರ ಮುಂದೆ ಇದನ್ನ ಗೋಡೆ ಅಂತ ಹೇಳ್ತಾರೆ. ನಾನೂ ಹೌದು ಅನ್ನಬೇಕು."

ಅತ್ತೆ ಬಹಳ ಹೊತ್ತು ನೋಡಿದಳು. ಬೆರಳನ್ನು ಗೆರೆಯ ಒಂದು ತುದಿಗೆ ಇಟ್ಟು, ನಿಧಾನವಾಗಿ ಇನ್ನೊಂದು ತುದಿಗೆ ತಂದಳು. "ಈ ಗೀಟು ಒಂಟಿ ಉಣಸೇಮರದಿಂದ ಕರಿಬಂಡೆಗೆ ಓಯ್ತದಾ?"

ನಕ್ಷೆಯ ಜೊತೆ ಹೋಲಿಸಿ ನೋಡಿದೆ. ಹೌದು, ಈ ದಡದ ಮರದಿಂದ ಆ ದಡದ ಬಂಡೆಗೇ. ನಾನು ಆ ಎರಡರ ಹೆಸರನ್ನೂ ಎತ್ತಿರಲಿಲ್ಲ.

"ಇದು ಗೋಡೆ ಅಲ್ಲ ಕಣವ್ವ" ಎಂದಳು ಅತ್ತೆ. "ಗುಡ್ಡದ್ ಕಡಿಂದ ಅಲ್ಲೀಗಂಟ ಅಳ್ದಿದ್ದು ನಿಮ್ಮಾವ. ಅಲ್ಲಿಂದ ಏರಿಗಂಟ ಅಳ್ದಿದ್ದು ನಾನು."

ನನಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದೆ. ಅವಳು ಒಳಗೆ ಸೊಸೆ ಇದ್ದಾಳೆಯೇ ಎಂದು ಒಮ್ಮೆ ಇಣುಕಿ ನೋಡಿ, ದನಿ ತಗ್ಗಿಸಿ ಹೇಳಿದಳು. ನಾಲ್ಕನೆಯ ದಿನ, ಹುಣಸೇಮರದ ನೇರಕ್ಕೆ ಬಂದಾಗ, ಗಾಳಿ ಎದ್ದು ಹರಿಗೋಲು ಗಿರಗಿರನೆ ತಿರುಗಿತಂತೆ. ಮಾವನಿಗೆ ಈಜು ಬರುತ್ತಿರಲಿಲ್ಲ. "ಮನೇಗ್ ಬಂದ್ರೆ ಕೈಕಾಲೆಲ್ಲಾ ನಡುಗ್ತಾವೆ. ಕಂಬ್ಳಿ ಒದ್ಸಿ ಮಲುಗ್ಸಿದೆ. ಮಾರ್ನೆ ದಿನ ಎದ್ರು, ಏರಿಗಂಟ ಓದ್ರು, ತೆಪ್ಪ ಅತ್ನಿಲ್ಲ. 'ಮೊಗೀಗೆ ಮಾತು ಕೊಟ್ಬುಟ್ಟಿವ್ನಿ, ಈಗೇನ್ ಮಾಡ್ಲಿ' ಅಂತ ತಲೆ ಮ್ಯಾಲೆ ಕೈ ಒತ್ಕಂಡ್ ಕುಂತ್ರು. ನಾನು ಒಳೆ ದಡದಲ್ಲಿ ಉಟ್ದೋಳು, ನಂಗ್ಯಾವ್ ಬಯ? ಸೆರ್ಗು ಕಟ್ಕಂಡು ಅತ್ದೆ." ಅತ್ತೆಯ ತವರು ಶ್ರೀರಂಗಪಟ್ಟಣದ ಪಕ್ಕ, ಕಾವೇರಿಯ ದಂಡೆಯ ಮೇಲೆ. ನಡೆಯುವುದಕ್ಕೆ ಮೊದಲೇ ಈಜಿದವಳು ಎಂದು ಅವಳನ್ನು ಮನೆಯಲ್ಲಿ ಚುಡಾಯಿಸುತ್ತಿದ್ದರು.

ಆಮೇಲಿನ ಆರು ದಿನ ಅತ್ತೆ ಹರಿಗೋಲಿನಲ್ಲಿ ನಿಂತು ಹಗ್ಗ ಎಳೆದು, ತನ್ನ ಕೈ ಚಾಚಿ ಅಳೆದು, 'ಆರು ಮಾರು ಒಂದ್ಮೊಳ' ಎಂದು ಕೂಗಿ ಹೇಳುವುದು. ಮಾವ ದಡದಲ್ಲಿ ಕೊಡೆ ಹಿಡಿದು ಕೂತು ಬರೆದುಕೊಳ್ಳುವುದು. ಅದಕ್ಕೇ ಪುಸ್ತಕದ ತುಂಬ ಒಂದೇ ಕೈಬರಹ. ಹೆಣ್ಣುಮಗಳು ತೆಪ್ಪ ಹತ್ತಬಾರದೆಂದು ನನ್ನನ್ನು ತಡೆದ ಮಾವ, ಅದೇ ತೆಪ್ಪದಲ್ಲಿ ಹೆಂಡತಿಯನ್ನು ಆಳದ ಕಡೆಗೆ ಕಳಿಸಿದ್ದ. ನನಗೆ ಸಿಟ್ಟು ಬಂತು. ಹೆದರಿ ನಡುಗಿದ್ದನ್ನು ನೆನೆಸಿಕೊಂಡು ಅಯ್ಯೋ ಎಂದೂ ಅನ್ನಿಸಿತು. ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಎಂದು ತಿಳಿಯಲಿಲ್ಲ.

"ಇಷ್ಟು ವರ್ಷ ಯಾಕತ್ತೆ ಹೇಳ್ನಿಲ್ಲ?"

"ಯಾರ್ಗೂ ಯೋಳ್ಬ್ಯಾಡ ಅಂದಿದ್ರು. ಮೀಸೆ ಒತ್ಕಂಡಿದ್ ಗಂಡ್ಸು. ಈಗ್ಲೂ ಯೋಳ್ತಿರ್ನಿಲ್ಲ. ನೀನು ನಾಲ್ಕ್ ಜನದ್ ಮುಂದೆ ಇಲ್ದಿದ್ ಗೋಡೆ ಅದೆ ಅಂತ ಯೋಳಕ್ ಒಂಟಿದ್ದಿಯಲ್ಲ, ಅದಕ್ ಯೋಳ್ದೆ."

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಗೆರೆಯ ಈಚೆ ಮಾವನ ಐದು ಮಾರು, ಒಂಬತ್ತು ಮೀಟರು. ಆಚೆ ಅತ್ತೆಯ ಆರು ಮಾರು. ತಳ ಒಂದೇ ಸಮ ಜಾರಿದ್ದರೆ, ಅಕ್ಕಪಕ್ಕದ ಚೌಕವಾದ್ದರಿಂದ ಅದೂ ಹೆಚ್ಚುಕಡಿಮೆ ಒಂಬತ್ತೇ ಮೀಟರು ಆಗಬೇಕು. ಒಂಬತ್ತನ್ನು ಆರರಿಂದ ಭಾಗಿಸಿದರೆ ಒಂದೂವರೆ. ಅತ್ತೆಯ ಮಾರು ಒಂದೂವರೆ ಮೀಟರು. ಅವಳ ಗಿಡ್ಡ ಕೈಯ ಮಾರುಗಳನ್ನೆಲ್ಲ ನಾನು ಮಾವನ ಉದ್ದ ಕೈಯಿಂದ ಗುಣಿಸಿ ಅರ್ಧ ಕೆರೆಯನ್ನು ಸುಳ್ಳೇ ಆಳ ಮಾಡಿದ್ದೆ. ನನ್ನ ಡಾಕ್ಟರೇಟಿನ ಅಲೆ ತಾಗಿ ಹಿಂತಿರುಗಿದ್ದು ಗಂಡಹೆಂಡಿರ ಕೈಯಳತೆಯ ಅಂತರಕ್ಕೆ. ಪಕ್ಕದಲ್ಲಿದ್ದವರು ನನ್ನ ಮುಖ ನೋಡಿ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟರು.

ಶುಕ್ರವಾರ ಬೆಳಿಗ್ಗೆ ಸಹೋದ್ಯೋಗಿಗೆ ಎಲ್ಲ ಹೇಳಿದೆ. ಮಾವನ ಭಯದ ವಿಷಯ ಮಾತ್ರ ಬಿಟ್ಟೆ, ಜ್ವರ ಬಂದಿತ್ತು ಎಂದೆ. ಅವರು ನನ್ನ ಹಳೆಯ ಪ್ರೋಗ್ರಾಮನ್ನು ತಮ್ಮ ಯಂತ್ರದಲ್ಲಿ ಮತ್ತೆ ಓಡಿಸಿದರು, ಅರ್ಧ ಕೆರೆಗೆ 1.8, ಇನ್ನರ್ಧಕ್ಕೆ 1.5 ಕೊಟ್ಟು. ಗೋಡೆ ಮಾಯವಾಯಿತು. ಏರಿಯಿಂದ ಹೊರಟ ಅಲೆ ನಡುವೆ ಎಲ್ಲೂ ನಿಲ್ಲದೆ, ತಿರುಗದೆ, ನೆಟ್ಟಗೆ ಗುಡ್ಡದ ಬುಡಕ್ಕೆ ಹೋಯಿತು. ಮೂರು ಸಲ ನೋಡಿದೆ. ಮೂವತ್ತು ವರ್ಷ ನನ್ನದೆಂದು ಇಟ್ಟುಕೊಂಡದ್ದು ಹೋಯಿತು, ನನಗೆ ದುಃಖವಾಯಿತು, ಸುಳ್ಳೇಕೆ ಹೇಳಲಿ.

ಅವರು ಹಣೆ ಉಜ್ಜಿಕೊಂಡರು. "ಬೇಜಾರ್ ಮಾಡ್ಕೋಬೇಡಿ ಮೇಡಂ. ಒಂದೂವರೆ ಅನ್ನೋದನ್ನ ನೀವು ಎಲ್ಲಿಂದ ತಂದ್ರಿ? ಗೋಡೆ ಇಲ್ಲ ಅಂತ ಮೊದಲೇ ಇಟ್ಕಂಡು ತಂದ್ರಿ. ಅದನ್ನ ಹಾಕುದ್ರೆ ಗೋಡೆ ಹೋಗೇ ಹೋಯ್ತದೆ. ಇದರಿಂದ ಏನ್ ಸಾಬೀತಾಯ್ತು? ನಿಮ್ಮ ಅತ್ತೆಯೋರ ಮಾರು ನಿಜವಾಗ್ಲೂ ಎಷ್ಟು?"

ಮಾತು ನ್ಯಾಯವಾಗಿತ್ತು. ನಾನು ಮಕ್ಕಳಿಗೆ ಹೇಳಿಕೊಡುವ ಮಾತೇ. ಕೊನೆಗೆ ಹೀಗೆಂದು ಒಪ್ಪಿಕೊಂಡೆವು: ಅತ್ತೆಯ ಮಾರು ನೂರೈವತ್ತರ ಆಸುಪಾಸು ಬಂದರೆ, ಶನಿವಾರ ಅವರು ಗೋಡೆ ಇಲ್ಲವೆಂದೂ, ಆದ ತಪ್ಪು ಇಂಥದೆಂದೂ ಹೇಳುವುದು. ಬರದಿದ್ದರೆ ಗೋಡೆ ಉಳಿಯುತ್ತದೆ, ನನ್ನ ಅಲೆಯೂ ಉಳಿಯುತ್ತದೆ. ಆಗ ಅತ್ತೆಯ ಮಾತು ಹೋಗುತ್ತದೆ. ಪಾಂಡವಪುರದ ದರ್ಜಿಯ ಅಂಗಡಿಯಲ್ಲಿ ಟೇಪು ಕೊಂಡು ತೊಣ್ಣೂರಿಗೆ ಹೊರಟೆ. ಅದು ಏನು ಹೇಳಲಿ ಎಂದು ಬಯಸುತ್ತಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ.

ಅತ್ತೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಮೂವತ್ತು ವರ್ಷದ ಹಿಂದೆ ಮಾವನನ್ನು ನಿಲ್ಲಿಸಿದ ಗೋಡೆಯೇ, ಈಗ ಬಣ್ಣ ಹಸಿರು.

"ಎರಡೂ ಕೈ ಚಾಚತ್ತೆ."

ಎಡಗೈ ಎದ್ದಿತು. ಬಲಗೈ ಸೊಂಟದ ಮೇಲಕ್ಕೆ ಬರಲಿಲ್ಲ. ಎರಡು ವರ್ಷದ ಹಿಂದೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದಾಗ ಭುಜ ಹಿಡಿದುಕೊಂಡದ್ದು ಬಿಟ್ಟಿರಲಿಲ್ಲ. ಅವಳು ಎಡಗೈಯಲ್ಲಿ ಹುರುಳಿ ಆರಿಸುವುದನ್ನು ಕಣ್ಣೆದುರಿಗೆ ನೋಡಿಯೂ ನನಗೆ ಹೊಳೆದಿರಲಿಲ್ಲ. ಟೇಪು ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತೆ. ಇನ್ನು ಈ ಮಾರನ್ನು ಯಾರೂ ಅಳೆಯಲಾರರು ಎನ್ನಿಸಿತು.

"ಅರ್ಧ ಅಳಿ" ಎಂದಳು ಅತ್ತೆ. "ಎದೆ ನಡುವಿಂದ ಬೆರಳ್ ತುದಿಗೆ ಅರ್ಧ ಮಾರು. ಇನ್ನರ್ಧ ಅಷ್ಟೇ ಇರ್ತದೆ, ದೇವ್ರೇನು ಒಂದ್ಕಡೆ ಎಚ್ಚು ಒಂದ್ಕಡೆ ಕಮ್ಮಿ ಕೊಟ್ಟಿಲ್ಲ."

ಟೇಪಿನ ತುದಿಯನ್ನು ಅವಳ ಎದೆಯ ನಡುವೆ, ಕಂಠದ ಕೆಳಗಿನ ಗುಳಿಯ ನೇರಕ್ಕೆ ಹಿಡಿದೆ. ತೋಳಿನುದ್ದಕ್ಕೆ, ಬಳೆ ದಾಟಿ, ಮಧ್ಯದ ಬೆರಳಿನ ತುದಿಗೆ ಎಳೆದೆ. ಎಪ್ಪತ್ತೈದಕ್ಕೆ ಒಂದು ನೂಲು ಕಡಿಮೆ. ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ನೂರೈವತ್ತು. ನನ್ನ ಅಲೆ ಅಲ್ಲಿಗೆ ಮುಗಿಯಿತು. ಅಳು ಬಂತು, ಹೋದದ್ದಕ್ಕೋ ಸಿಕ್ಕಿದ್ದಕ್ಕೋ ಬಿಡಿಸಿ ನೋಡಲಾಗಲಿಲ್ಲ.

ಅತ್ತೆ ಚಾಚಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ. "ಸರ್ಯಾಗ್ ಬಂತಾ?" ಎಂದು ಕೇಳಿದಳು. ಹೂಂ ಎಂದೆ.

"ಅವತ್ತು ನಿಮ್ಮಾವನ್ ಕೈ ಅಳ್ದೆಯಲ್ಲ," ಎಂದಳು, ದೂರು ಹೇಳುವ ದನಿಯಲ್ಲಿ ಅಲ್ಲ, ಸುಮ್ಮನೆ ನೆನಪು ಮಾಡುವ ಹಾಗೆ. "ನಾನು ಇಲ್ಲೇ ಬಾಗ್ಲತ್ರ ಬತ್ತಿ ಒಸೀತಾ ಕುಂತಿದ್ದೆ ಕಣವ್ವ. ನಂದೂ ಅಳೀತೀಯೇನೋ ಅಂತಿದ್ದೆ. ಆಗ ಎರಡೂ ಕೈ ಎತ್ತಕ್ಕಾಯ್ತಿತ್ತು."

ಟೇಪು ನೇರ ಮಾಡಿಕೊಂಡು ಇನ್ನೊಂದು ಸಲ ಅಳೆದೆ.